ಯಾರ ಹೊಣೆಗೆ ಮಿತಿ?

ಕೇರಿಯ ಸಮುದಾಯ ಭವನದ ಕಟ್ಟೆಯ ಮೇಲೆ ಕೂತು ನಾವು ಐದಾರು ಗೆಳೆಯರು ಕಂಪನಿ ಕಟ್ಟುವ ಮಾತಾಡುತ್ತಿದ್ದೆವು. ಚಪ್ಪಲಿ ಕಂಪನಿ. ಅಪ್ಪಂದಿರು ಕೊಯ್ದ ಅಟ್ಟೆ, ಅವ್ವಂದಿರು ಹೆಣೆದ ಬಾರು, ಅದರ ಮೇಲೆ ನಮ್ಮದೇ ಹೆಸರಿನ ಮುದ್ರೆ, ನಾವೇ ಮಾರುವುದು. ಇಷ್ಟೇ ನಮ್ಮ ಆಸೆ. ನಮ್ಮೊಳಗೆ ಬಿ.ಕಾಂ. ಓದಿದವನೊಬ್ಬನಿದ್ದ. ಅವನು "ಪ್ರೈವೇಟ್ ಲಿಮಿಟೆಡ್ ಮಾಡೂನು" ಅಂದ. ಪಕ್ಕದಲ್ಲೇ ಕೂತು ಚರ್ಮ ಕೊಯ್ಯುತ್ತಿದ್ದ ಕಾಕಾ ರಂಪಿಗೆ ನಿಲ್ಲಿಸಿ ಕೇಳಿದರು:

"ಲಿಮಿಟೆಡ್ ಅಂದ್ರ ಏನೋ ತಮ್ಮಾ?"

"ಕಂಪನಿ ಮುಳುಗಿದ್ರ ಅದರ ಸಾಲ ಅದಕ್ಕ ಕಾಕಾ. ನಾವು ಷೇರಿಗೆ ಎಷ್ಟು ರೊಕ್ಕ ಹಾಕಿರ್ತೀವೋ ಅಷ್ಟ ಹೋಗ್ತೈತಿ. ಸಾಲ ಕೊಟ್ಟಾವ ನಮ್ಮ ಮನಿ ಬಾಗಲಕ ಬರೂಹಂಗಿಲ್ಲ."

ಕಾಕಾ ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ ಅಂದರು: "ಇಂಥಾ ಕಾಯ್ದೆ ಐತೇನು? ಹಂಗಾರ ನಮ್ಮಪ್ಪ ಯಾಕ ತಮ್ಮಾ, ಅವರಪ್ಪನ ಸಾಲಕ್ಕ ಸಾವಕಾರನ ಹಿತ್ತಲದಾಗ ದುಡದು ಸತ್ತಾ?"

ಬಿ.ಕಾಂ. ಪುಸ್ತಕದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ನಮ್ಮಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಅವತ್ತು ಕಂಪನಿಯ ಮಾತು ಅಲ್ಲಿಗೇ ನಿಂತಿತು. ಆದರೆ ಕಾಕಾನ ಪ್ರಶ್ನೆ ನಿಲ್ಲಲಿಲ್ಲ, ನಮ್ಮ ಬೆನ್ನು ಹತ್ತಿತು. ಮನುಷ್ಯ ತನ್ನ ಹೊಣೆಗೆ ತಾನೇ ಮಿತಿ ಹಾಕಿಕೊಳ್ಳುವುದು ನ್ಯಾಯವೇ? ನ್ಯಾಯವಾದರೆ ಆ ನ್ಯಾಯ ಇಷ್ಟು ದಿನ ಯಾರ ಮನೆಯಲ್ಲಿ ಕೂತಿತ್ತು? ಈಗ ಅದು ನಮ್ಮ ಮನೆ ಬಾಗಿಲಿಗೆ ಬಂದಾಗ ನಾವು ಅದನ್ನು ಹೇಗೆ ಒಳಗೆ ಕರೆದುಕೊಳ್ಳಬೇಕು?

1

ಮೊದಲು ಈ ಗೋಡೆ ಯಾರು ಕಟ್ಟಿದ್ದು, ಯಾರಿಗಾಗಿ ಕಟ್ಟಿದ್ದು ನೋಡೋಣ.

ಪಾಲುದಾರಿಕೆ ವ್ಯಾಪಾರದ ಹಳೆಯ ನಿಯಮ ಸರಳ. ವ್ಯಾಪಾರ ಬಿದ್ದರೆ ಸಾಲ ಪಾಲುದಾರನ ಮನೆಗೆ ಬರುತ್ತದೆ. ಹೊಲ, ಮನೆ, ಹೆಂಡತಿಯ ಬಂಗಾರ, ಕಡೆಗೆ ಪಾತ್ರೆ ಪಗಡೆ ಎಲ್ಲವೂ ಅದಕ್ಕೆ ಆಹುತಿ. ರೈಲು, ಗಿರಣಿ, ಗಣಿ ಬಂದ ಕಾಲಕ್ಕೆ ಈ ನಿಯಮ ಉಳ್ಳವರಿಗೆ ಭಾರವಾಯಿತು. ದೂರದ ಊರಿನ ಗಿರಣಿಗೆ ಹಣ ಹಾಕಿ ಲಾಭ ತಿನ್ನಬೇಕು, ಆದರೆ ಗಿರಣಿ ಮುಳುಗಿದರೆ ಬಂಗಲೆ ಉಳಿಯಬೇಕು. 1855ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಸೀಮಿತ ಹೊಣೆಗಾರಿಕೆಯ ಕಾಯ್ದೆ ಮಾಡಿತು. ಎರಡೇ ವರ್ಷಕ್ಕೆ, 1857ರಲ್ಲಿ, ಅದು ಹಡಗು ಹತ್ತಿ ಇಂಡಿಯಾಕ್ಕೂ ಬಂತು. ಹಣ ಹಾಕಿದವನ ಹೊಣೆ ಅವನ ಷೇರಿನ ತನಕ ಮಾತ್ರ. ಅದರಾಚೆ ಗೋಡೆ.

ಇಲ್ಲಿಯ ತನಕ ಇದು ಪಠ್ಯಪುಸ್ತಕದ ಕತೆ. ಪಠ್ಯಪುಸ್ತಕ ಹೇಳದ ಕತೆ 1859ರದು. ಷೇರುದಾರನಿಗೆ ಗೋಡೆ ಕಟ್ಟಿಕೊಟ್ಟ ಎರಡೇ ವರ್ಷಕ್ಕೆ ಅದೇ ಆಳರಸರು ಇನ್ನೊಂದು ಕಾಯ್ದೆ ಮಾಡಿದರು. ಅದು ಕೆಲಸಗಾರರ ಕರಾರು ಭಂಗದ ಕಾಯ್ದೆ. ಮುಂಗಡ ಹಣ ತೆಗೆದುಕೊಂಡ ಕೂಲಿ ಅಥವಾ ಕಸುಬುದಾರ ಕೆಲಸ ಬಿಟ್ಟರೆ ಮ್ಯಾಜಿಸ್ಟ್ರೇಟನು ಅವನನ್ನು ಹಿಡಿದು ತರಿಸಬಹುದು. ಹಣ ವಾಪಸು ಕೊಡು, ಇಲ್ಲವೇ ಕೆಲಸ ಮಾಡು ಎಂದು ಆಜ್ಞೆ ಮಾಡಬಹುದು. ಮಾಡದಿದ್ದರೆ ಮೂರು ತಿಂಗಳ ತನಕ ಜೈಲು. ಅಸ್ಸಾಮಿನ ಚಹಾ ತೋಟಗಳಿಂದ ಹಿಡಿದು ಕೊಡಗಿನ ಕಾಫಿ ತೋಟಗಳ ತನಕ ಈ ಕಾಯ್ದೆ ತೋಟದ ದೊರೆಗಳ ಕೈಯ ಚಾವಟಿಯಾಯಿತು. 1920ರ ದಶಕದ ನಡುವಿನ ತನಕ ಅದು ಬದುಕಿತ್ತು.

ಎರಡನ್ನೂ ಒಂದರ ಪಕ್ಕ ಒಂದಿಟ್ಟು ನೋಡಿ ಗೆಳೆಯರೇ. ಲಕ್ಷಗಟ್ಟಲೆ ಹಣ ಹಾಕಿ ಸೋತವನು ಕೈ ಕೊಡವಿಕೊಂಡು ಮನೆಗೆ ಹೋಗಬಹುದು. ಹತ್ತು ರೂಪಾಯಿ ಮುಂಗಡ ಪಡೆದವನು ಮನೆಗೆ ಹೋದರೆ ಜೈಲು. ಬಂಡವಾಳದ ಹೊಣೆಗೆ ಮಿತಿ ಉಂಟು, ಬೆವರಿನ ಹೊಣೆಗೆ ಮಿತಿ ಇಲ್ಲ.

ಇನ್ನು ನಮ್ಮ ಊರುಗಳ ಜೀತಕ್ಕೆ ಯಾವ ಬಿಳಿಯ ದೊರೆಯ ಕಾಯ್ದೆಯೂ ಬೇಕಿರಲಿಲ್ಲ. ಮದುವೆಗೆ ತಂದ ಚೀಲ ಜೋಳ, ಹೆಣ ಎತ್ತಲು ತಂದ ಹತ್ತು ರೂಪಾಯಿ, ಅದರ ಬಡ್ಡಿಗೆ ಮಗ, ಬಡ್ಡಿಯ ಬಡ್ಡಿಗೆ ಮೊಮ್ಮಗ. ಲೆಕ್ಕ ಬರೆದವನು ಸಾವುಕಾರ, ಹೆಬ್ಬೆಟ್ಟು ನಮ್ಮದು. ಈ ಸಾಲಕ್ಕೆ ಕಾನೂನು ಪೂರ್ಣವಿರಾಮ ಹಾಕಿದ್ದು 1975ರ ಅಕ್ಟೋಬರಿನಲ್ಲಿ, ಸುಗ್ರೀವಾಜ್ಞೆಯ ಮೂಲಕ. 1976ರಲ್ಲಿ ಅದು ಜೀತ ಪದ್ಧತಿ ರದ್ದತಿ ಕಾಯ್ದೆಯಾಯಿತು. ಜೀತದ ಸಾಲವನ್ನು ತೀರಿಸುವ ಹೊಣೆಯೇ ಅಳಿದುಹೋಯಿತು ಎಂದು ಅದು ಸಾರಿತು. 1857ರಿಂದ 1975. ಷೇರುದಾರನ ಮನೆಗೆ ಬಂದ ನ್ಯಾಯ ಜೀತದಾಳಿನ ಗುಡಿಸಲಿಗೆ ಬರಲು 118 ವರ್ಷ ಬೇಕಾಯಿತು. ಕಾಗದದ ಮೇಲೆ ಬಂದದ್ದು ಅಷ್ಟು ದಿನಕ್ಕೆ. ನೆಲದ ಮೇಲೆ ಎಷ್ಟು ಬಂದಿದೆ ಎಂದು ಇಟ್ಟಿಗೆ ಭಟ್ಟಿಗಳ ಸುತ್ತ ಓಡಾಡಿದ ಸಂಗಾತಿಗಳಿಗೆ ಗೊತ್ತು.

ಕಾಕಾ, ನಿಮ್ಮಪ್ಪ ಯಾಕೆ ಸತ್ತ ಎಂದರೆ ಇದಕ್ಕೆ. ಕಾಯ್ದೆ ಇತ್ತು. ನಿಮ್ಮಪ್ಪನಿಗೆ ಇರಲಿಲ್ಲ.

2

ಆದರೆ ಸಾಲದ ಲೆಕ್ಕ ಸಾವುಕಾರನ ವಹಿಯಲ್ಲಿ ಮಾತ್ರ ಇರಲಿಲ್ಲ. ಅದಕ್ಕಿಂತ ದೊಡ್ಡ ವಹಿ ಪುರೋಹಿತನ ಕೈಯಲ್ಲಿತ್ತು.

ನೀನು ಈ ಕೇರಿಯಲ್ಲಿ ಯಾಕೆ ಹುಟ್ಟಿದೆ? ಹಿಂದಿನ ಜನ್ಮದ ಪಾಪ. ಯಾವ ಪಾಪ? ನಿನಗೆ ನೆನಪಿಲ್ಲ. ಎಷ್ಟು ತೀರಿದೆ, ಎಷ್ಟು ಬಾಕಿ ಇದೆ? ಅದನ್ನು ಯಾರೂ ಹೇಳುವುದಿಲ್ಲ. ಪತ್ರವಿಲ್ಲದ, ಸಾಕ್ಷಿಯಿಲ್ಲದ, ಮೊತ್ತವಿಲ್ಲದ, ಅವಧಿಯಿಲ್ಲದ ಸಾಲ. ಲೋಕದ ಯಾವ ಸಾವುಕಾರನೂ ಇಂಥ ಸಾಲಪತ್ರ ಬರೆಸಿಕೊಂಡಿಲ್ಲ. ಕರ್ಮ ಸಿದ್ಧಾಂತ ಎಂದರೆ ಮಿತಿಯಿಲ್ಲದ ಹೊಣೆಗಾರಿಕೆಯ ಶಾಸ್ತ್ರ. ಅದನ್ನು ಹೊತ್ತವರು ನಾವು.

ಅದೇ ವ್ಯವಸ್ಥೆಯ ಇನ್ನೊಂದು ತುದಿಯಲ್ಲಿ ನೋಡಿ. ಅಜ್ಜನ ಹೊಲ ಮೊಮ್ಮಗನಿಗೆ ಬಂತು. ಅಜ್ಜನ ಗೌಡಿಕೆ ಬಂತು, ವಾಡೆ ಬಂತು, ಓದು ಬಂತು, ಹೆಸರಿನ ಮುಂದಿನ ಮರ್ಯಾದೆ ಬಂತು. ಆ ಹೊಲ ಉತ್ತವರು ಯಾರು, ಆ ವಾಡೆಯ ಕಲ್ಲು ಹೊತ್ತವರು ಯಾರು, ಅವರ ಕೂಲಿ ಎಲ್ಲಿ ಎಂದು ಕೇಳಿ. ಮೊಮ್ಮಗ ಬಹಳ ವಿನಯದಿಂದ ಹೇಳುತ್ತಾನೆ: "ಅದೆಲ್ಲ ಹಿಂದಿನವರು ಮಾಡಿದ್ದು, ನಮಗೇನು ಸಂಬಂಧ?" ಆಸ್ತಿಗೆ ವಾರಸುದಾರ, ಹೊಣೆಗೆ ಅಪರಿಚಿತ. ಕಂಪನಿ ಕಾಯ್ದೆ ಹುಟ್ಟುವುದಕ್ಕೆ ಸಾವಿರಾರು ವರ್ಷ ಮೊದಲೇ ಈ ದೇಶದ ಮೇಲುಜಾತಿಗಳು ಸೀಮಿತ ಹೊಣೆಗಾರಿಕೆಯ ಕಂಪನಿಯನ್ನು ರಿಜಿಸ್ಟರ್ ಮಾಡಿಕೊಂಡಿದ್ದವು. ಷೇರು ಹುಟ್ಟಿನಿಂದಲೇ ಬರುತ್ತಿತ್ತು. ಲಾಭಾಂಶ ತಲೆಮಾರಿಗೆ. ನಷ್ಟ ಕೇರಿಗೆ.

ನಮ್ಮ ಜನ ಅತಿ ಪ್ರೀತಿಯಿಂದ ಹೇಳುವ ಕತೆಯಲ್ಲೂ ಈ ಸಾಲ ಒಳಹೊಕ್ಕಿದೆ. ಸಮಗಾರ ಹರಳಯ್ಯ ಕಲ್ಯಾಣದ ಬೀದಿಯಲ್ಲಿ ಬಸವಣ್ಣನಿಗೆ ಶರಣು ಅಂದ. ಬಸವಣ್ಣ ತಿರುಗಿ ಎರಡು ಸಲ ಶರಣು ಅಂದ. ಆ ಒಂದು ಹೆಚ್ಚಿನ ಶರಣನ್ನು ಹರಳಯ್ಯ ಸಾಲ ಎಂದು ತಿಳಿದ. ಅದನ್ನು ತೀರಿಸಲು ಗಂಡ ಹೆಂಡತಿ ತಮ್ಮ ತೊಡೆಯ ಚರ್ಮ ತೆಗೆದು ಚಪ್ಪಲಿ ಮಾಡಿದರು. ನಾವು ಈ ಕತೆಯನ್ನು ಅಜ್ಜಿಯ ಮಡಿಲಲ್ಲಿ ಕೇಳಿ ಕಣ್ಣು ಒರೆಸಿಕೊಂಡು ಬೆಳೆದವರು. ಬಸವಣ್ಣ ಆ ಚಪ್ಪಲಿಯನ್ನು ಕಾಲಿಗೆ ಹಾಕಲಿಲ್ಲ, ತಲೆಯ ಮೇಲಿಟ್ಟುಕೊಂಡ ಎಂಬುದನ್ನೂ ಕೇಳಿ ಬೆಳೆದವರು. ಬಸವಣ್ಣ ದೊಡ್ಡವನು, ಹರಳಯ್ಯ ಅವನಿಗಿಂತ ದೊಡ್ಡವನು. ಆದರೂ ಈಗ ಕೇಳಬೇಕು ಅನಿಸುತ್ತದೆ. ಒಂದು ಮನುಷ್ಯ ಮರ್ಯಾದೆ ಸಿಕ್ಕಿದ್ದಕ್ಕೆ ಚರ್ಮ ಸುಲಿದುಕೊಡಬೇಕು ಎನ್ನುವಷ್ಟು ಬಡತನ ಆ ಮನಸ್ಸಿನಲ್ಲಿ ಯಾರು ತುಂಬಿದರು? ನಮಸ್ಕಾರ ನಮಗೆ ಸಾಲವಾಗಿ ಕಂಡಿತಲ್ಲ, ಹಕ್ಕಾಗಿ ಯಾಕೆ ಕಾಣಲಿಲ್ಲ?

ಆದ್ದರಿಂದ ನಮ್ಮ ಮೊದಲ ಮಾತು ಇದು. ಹೊಣೆಗೆ ಮಿತಿ ಹಾಕಿಕೊಳ್ಳುವುದು ನಮ್ಮ ಪಾಲಿಗೆ ಪಾಪವಲ್ಲ. ಸೋತ ವ್ಯಾಪಾರಕ್ಕೆ ಮಕ್ಕಳ ಶಾಲೆ ಬಿಡಿಸಬಾರದು, ಅವ್ವನ ಮನೆ ಹರಾಜಾಗಬಾರದು ಎನ್ನುವುದು ಮೋಸವಲ್ಲ, ಬಿಡುಗಡೆ. "ಯಾರ ಋಣದಾಗೂ ಇಲ್ಲ" ಎಂದು ಹೆಮ್ಮೆ ಪಡುವ ನಮ್ಮ ಹಿರಿಯರಿಗೆ ಇದು ಒಪ್ಪಿಗೆಯಾಗಲಿಕ್ಕಿಲ್ಲ. ಅವರ ಪ್ರಾಮಾಣಿಕತೆಗೆ ಕೈ ಮುಗಿಯುತ್ತೇವೆ. ಆದರೆ ಆ ಪ್ರಾಮಾಣಿಕತೆಯನ್ನೇ ಹಗ್ಗ ಮಾಡಿ ಅವರನ್ನು ಕಟ್ಟಿದ್ದರು ಎಂಬುದನ್ನು ಮರೆಯಲಾರೆವು.

3

ಕಾಗದದ ಮೇಲೆ ಹುಟ್ಟಿದ ಕಂಪನಿಯನ್ನು ಕಾನೂನು 'ವ್ಯಕ್ತಿ' ಎನ್ನುತ್ತದೆ. ಅದು ಆಸ್ತಿ ಕೊಳ್ಳಬಹುದು, ಮಾರಬಹುದು, ಕೋರ್ಟಿಗೆ ಹೋಗಬಹುದು. ಮಾಲೀಕ ಸತ್ತರೂ ಅದು ಸಾಯುವುದಿಲ್ಲ. ಈ ಮಾತನ್ನು ಗಟ್ಟಿ ಮಾಡಿದ ಮೊಕದ್ದಮೆ ಯಾರದು ಗೊತ್ತೇ? ಒಬ್ಬ ಬೂಟು ಮಾಡುವವನದು.

ಲಂಡನ್ನಿನ ವೈಟ್‌ಚಾಪೆಲ್ ಬೀದಿಯಲ್ಲಿ ಆರನ್ ಸಾಲೊಮನ್ ಎಂಬಾತ ಮೂವತ್ತು ವರ್ಷ ಚರ್ಮದ ಬೂಟು ಮಾಡಿ ಮಾರಿದ. 1892ರಲ್ಲಿ ತನ್ನ ಅಂಗಡಿಯನ್ನು ಒಂದು ಲಿಮಿಟೆಡ್ ಕಂಪನಿಗೆ ಮಾರಿದ. ಕಂಪನಿಗೆ ಏಳು ಜನ ಬೇಕು ಎಂದು ಕಾಯ್ದೆ ಹೇಳುತ್ತಿತ್ತು. ತಾನು, ಹೆಂಡತಿ, ಮಗಳು, ನಾಲ್ಕು ಗಂಡುಮಕ್ಕಳು ಸೇರಿ ಏಳಾಯಿತು. ಒಟ್ಟು 20,007 ಷೇರಿನಲ್ಲಿ 20,001 ಅವನದು, ಉಳಿದವರಿಗೆ ಒಂದೊಂದು. ಜೊತೆಗೆ ಕಂಪನಿ ತನಗೆ 10,000 ಪೌಂಡು ಕೊಡಬೇಕು ಎಂದು ಸಾಲಪತ್ರ ಬೇರೆ. ಬೂಟಿನ ವ್ಯಾಪಾರ ಕುಸಿಯಿತು, ಕಂಪನಿ ಬಹುಬೇಗ ಮುಳುಗಿತು. ಕೆಳಗಿನ ಕೋರ್ಟುಗಳು "ಇದು ಕಂಪನಿಯಲ್ಲ, ಇವನೇ ಇದು, ಇವನೇ ಸಾಲ ತೀರಿಸಲಿ" ಅಂದವು. ಪಾಪರ್ ಆಗಿ ನಿಂತ ಸಾಲೊಮನ್ ಹೌಸ್ ಆಫ್ ಲಾರ್ಡ್ಸ್‌ಗೆ ಮೇಲ್ಮನವಿ ಹಾಕಿದ. 1896ರ ನವೆಂಬರಿನಲ್ಲಿ ಅಲ್ಲಿ ಗೆದ್ದ. ಕಂಪನಿ ಬೇರೆ, ಸಾಲೊಮನ್ ಬೇರೆ. ಜಾಮೀನಿಲ್ಲದೆ ಸಾಲಕ್ಕೆ ಸರಕು ಕೊಟ್ಟವರಿಗೆ ಏನೂ ಉಳಿಯಲಿಲ್ಲ.

ಈ ಕತೆಯಲ್ಲಿ ನಮ್ಮ ಮನಸ್ಸು ಯಾರ ಕಡೆ? ಒಂದು ಕ್ಷಣ ಸಾಲೊಮನ್ ಕಡೆ. ಅವನೂ ಚರ್ಮದವನು, ದುಡಿದು ತಿಂದವನು. ಮರುಕ್ಷಣ ಸಾಲಕ್ಕೆ ಸರಕು ಕೊಟ್ಟು ಬರಿಗೈಯಾದವರ ಕಡೆ. ಆ ಎರಡೂ ಕಡೆಯಲ್ಲಿ ನಮ್ಮವರೇ ನಿಂತಿರಬಹುದು ಎಂಬುದು ನಮಗಿರುವ ಇಕ್ಕಟ್ಟು. ಇವತ್ತು ಚಪ್ಪಲಿ ಮಾಡುವವನು ಕಂಪನಿ ಕಟ್ಟಿದರೆ ಅವನಿಗೆ ಸಾಲಕ್ಕೆ ಚರ್ಮ ಕೊಡುವ ಢೋರ ಬಂಧು ಗೋಡೆಯ ಆಚೆ ನಿಂತಿರುತ್ತಾನೆ.

ಇನ್ನೊಂದು ಮಾತು. ಇಂಗ್ಲೆಂಡಿನ ಕೋರ್ಟು ಒಂದು ಕಾಗದವನ್ನು ವ್ಯಕ್ತಿ ಎಂದ ಕಾಲದಲ್ಲಿ ಇಲ್ಲಿ ನಮ್ಮಜ್ಜಂದಿರು ಊರ ಬಾವಿಯ ಹತ್ತಿರ ಸುಳಿಯುವಂತಿರಲಿಲ್ಲ. ಕಾಗದಕ್ಕೆ ಮೈಲಿಗೆ ಇಲ್ಲ, ಮನುಷ್ಯನಿಗೆ ಉಂಟು. ಅಂಬೇಡ್ಕರ್ ಅವರು ಅಮೆರಿಕ, ಇಂಗ್ಲೆಂಡುಗಳಲ್ಲಿ ಅರ್ಥಶಾಸ್ತ್ರ ಓದಿ ಬಂದು, ಬರೋಡದ ಅವಮಾನ ಕುಡಿದು, ಮುಂಬಯಿಯಲ್ಲಿ ಷೇರು ವ್ಯವಹಾರದವರಿಗೆ ಸಲಹೆ ಕೊಡುವ ಕಸುಬು ತೆರೆದರು. ಸಲಹೆಗಾರ ಅಸ್ಪೃಶ್ಯ ಎಂದು ತಿಳಿದೊಡನೆ ಗಿರಾಕಿಗಳು ಬರುವುದು ನಿಂತಿತು. ಷೇರು ಮುಟ್ಟಬಹುದು, ಷೇರಿನ ಬಗ್ಗೆ ಹೇಳುವ ನಾಲಗೆಯನ್ನು ಮುಟ್ಟಬಾರದು! ಮಾರುಕಟ್ಟೆಗೆ ಜಾತಿಯಿಲ್ಲ ಎಂದು ಹೇಳುವ ಪ್ರೊಫೆಸರುಗಳು ಈ ಒಂದು ಅಂಗಡಿ ಮುಚ್ಚಿದ ಕತೆಗೆ ಉತ್ತರ ಹೇಳಲಿ.

4

ಗೋಡೆಯ ಹಿಂದೆ ಅಡಗಿದವರು ಏನು ಮಾಡಿದರು ಎಂಬುದನ್ನು ನೋಡದೆ ನಾವು ಗೋಡೆ ಕಟ್ಟಬಾರದು.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ವಿಷಾನಿಲ ಹೊರಬಿತ್ತು. ಕಾರ್ಖಾನೆ ಯೂನಿಯನ್ ಕಾರ್ಬೈಡ್ ಇಂಡಿಯಾ ಲಿಮಿಟೆಡ್‌ನದು. ಅದರ ಅರ್ಧಕ್ಕಿಂತ ಹೆಚ್ಚು ಷೇರು ಅಮೆರಿಕದ ತಾಯಿ ಕಂಪನಿಯದು. ಹೆಣ ಬಿದ್ದ ಮೇಲೆ ತಾಯಿ ಹೇಳಿದಳು: "ಆ ಮಗಳು ಬೇರೆ, ನಾನು ಬೇರೆ." 1989ರಲ್ಲಿ 47 ಕೋಟಿ ಡಾಲರಿಗೆ ಲೆಕ್ಕ ಚುಕ್ತಾ ಆಯಿತು. 2001ರಲ್ಲಿ ಆ ತಾಯಿಯನ್ನು ಡೌ ಎಂಬ ಇನ್ನೊಂದು ಕಂಪನಿ ಕೊಂಡಿತು. ಭೋಪಾಲದ ಹೊಣೆ ನಮಗೆ ಬರುವುದಿಲ್ಲ ಎಂದು ಅದೂ ಕೈ ತೊಳೆದುಕೊಂಡಿತು. ಹೊಣೆಗೆ ಮಿತಿ ಇತ್ತು. ಗಾಳಿಗೆ ಮಿತಿ ಇರಲಿಲ್ಲ.

ಅಷ್ಟು ದೂರ ಯಾಕೆ, ನಮ್ಮ ಕೋಲಾರದ ಚಿನ್ನದ ಗಣಿಗೆ ಬನ್ನಿ. 1880ರಿಂದ ಜಾನ್ ಟೇಲರ್ ಮತ್ತು ಸನ್ಸ್‌ ನಡೆಸಿದ ಗಣಿಗಳ ಷೇರುದಾರರು ಲಂಡನ್ನಿನಲ್ಲಿದ್ದರು. ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವರು ಬಹುಪಾಲು ತಮಿಳು, ತೆಲುಗು ಸೀಮೆಗಳಿಂದ ಬಂದ ನಮ್ಮ ದಲಿತ ಬಂಧುಗಳು. ಬಂಡೆ ಸಿಡಿದು ಸತ್ತವರು ಅವರು, ಕಲ್ಲಿನ ಧೂಳು ಕುಡಿದು ಎದೆ ಒಣಗಿಸಿಕೊಂಡವರು ಅವರು. ಷೇರುದಾರ ಕಳೆದುಕೊಳ್ಳಬಹುದಾದದ್ದು ಷೇರಿನಷ್ಟು ಹಣ. ಕಾರ್ಮಿಕನಿಂದ ಕಂಪನಿ ಕೇಳಿದ್ದು ಬೆರಳಚ್ಚು. 1930ರಲ್ಲಿ ಬೆರಳಚ್ಚಿನ ವಿರುದ್ಧ ಆ ಕಾರ್ಮಿಕರು ಮುಷ್ಕರ ಹೂಡಿದರು. ಅಕ್ಷರ ಬಾರದವರು ಕೇಳಿದ ಆ ಪ್ರಶ್ನೆ ತತ್ವಶಾಸ್ತ್ರದ ಪ್ರಶ್ನೆ: ನಿನ್ನ ಹೆಸರು ಬರೀ ಕಾಗದದ ಮೇಲೆ, ನನ್ನ ಹೆಸರು ಯಾಕೆ ಮೈಯ ಮೇಲೆ? ಮುಂದೆ ಗಣಿ ಸರ್ಕಾರದ್ದಾಯಿತು, ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. 2001ರಲ್ಲಿ ಮುಚ್ಚಿತು. ಸಯನೈಡ್ ಮಣ್ಣಿನ ಗುಡ್ಡಗಳು ಊರಿನ ನಡುವೆ ಉಳಿದವು. ಗಾಳಿ ಬೀಸಿದರೆ ಆ ಧೂಳು ಇವತ್ತಿಗೂ ಮನೆಗಳ ಅನ್ನದ ಪಾತ್ರೆಗೆ ಬೀಳುತ್ತದೆ. ಬಿಳಿಯರ ಕಂಪನಿಯಾದರೇನು, ನಮ್ಮದೇ ಸರ್ಕಾರದ ಕಂಪನಿಯಾದರೇನು? ಲಿಮಿಟೆಡ್ ಎಂಬ ಪದ ಅದೇ ಕೆಲಸ ಮಾಡಿತು.

ಇಲ್ಲಿ ನಮಗೆ ಒಂದು ವ್ಯತ್ಯಾಸ ಸ್ಪಷ್ಟವಾಗುತ್ತದೆ. ಹೊಣೆ ಎರಡು ಬಗೆ. ಒಂದು ಹಣದ ಹೊಣೆ. ತಿಳಿದು ಸಾಲ ಕೊಟ್ಟವನು, ಬಡ್ಡಿ ಎಣಿಸಿ ಕೊಟ್ಟವನು, ನಷ್ಟವಾಗಬಹುದು ಎಂದು ಗೊತ್ತಿದ್ದೇ ಕೊಟ್ಟವನು. ಅವನೆದುರು ಗೋಡೆ ಕಟ್ಟುವುದು ನ್ಯಾಯ. ಇನ್ನೊಂದು ಜೀವದ ಹೊಣೆ. ನಮ್ಮ ಕೆಲಸದಿಂದ ಕೈ ಕಳೆದುಕೊಂಡವನು, ನಮ್ಮ ಸುಣ್ಣದ ತೊಟ್ಟಿಯ ನೀರು ಕುಡಿದವನು, ನಮ್ಮನ್ನು ನಂಬಿ ವಾರದ ಕೂಲಿಗೆ ಕಾದವಳು. ಇವರು ಯಾರೂ ನಮ್ಮ ಜೊತೆ ಜೂಜಾಡಲು ಬಂದವರಲ್ಲ. ಇವರೆದುರು ಗೋಡೆ ಕಟ್ಟುವುದು ಅನ್ಯಾಯ. ಕಾನೂನು ಎರಡನ್ನೂ ಒಂದೇ ಗೋಡೆಯ ಆಚೆ ತಳ್ಳಿದೆ. ನಾವು ತಳ್ಳಬಾರದು.

5

ಈಗ ನಮ್ಮ ಕಸುಬಿಗೆ ಯಾವ ಗೋಡೆ ಹೊಂದುತ್ತದೆ ಎಂಬ ಪ್ರಶ್ನೆ. ಇದು ಚಾರ್ಟರ್ಡ್ ಅಕೌಂಟೆಂಟರ ಪ್ರಶ್ನೆ ಎಂದು ಬಿಡುವಂತಿಲ್ಲ. ಯಾರ ಕೈಯಲ್ಲಿ ಮತ, ಯಾರ ಕೈಯಲ್ಲಿ ಲಾಭ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.

ನಾವು ತಿಳಿದಷ್ಟು ಹೇಳುತ್ತೇವೆ. 1932ರ ಕಾಯ್ದೆಯ ಪಾಲುದಾರಿಕೆ ಸುಲಭ, ಆದರೆ ಗೋಡೆಯೇ ಇಲ್ಲ. ಒಬ್ಬ ಪಾಲುದಾರನ ಸಾಲ ಎಲ್ಲರ ಮನೆಗೂ ನುಗ್ಗುತ್ತದೆ. 2008ರ ಕಾಯ್ದೆಯ ಎಲ್.ಎಲ್.ಪಿ. ಎಂಬ ಸೀಮಿತ ಹೊಣೆಯ ಪಾಲುದಾರಿಕೆಗೆ ಇಬ್ಬರು ಸಾಕು. ಜೊತೆಗಾರನ ತಪ್ಪಿಗೆ ನೀನು ಹೊಣೆಯಲ್ಲ, ನಿನ್ನ ತಪ್ಪಿಗೆ ಮಾತ್ರ ನೀನೇ ಹೊಣೆ ಎನ್ನುತ್ತದೆ ಅದು. ಕರ್ಮ ಸಿದ್ಧಾಂತಕ್ಕಿಂತ ಎಷ್ಟೋ ಮೇಲು! ವಕೀಲಿಕೆ, ಇಂಜಿನಿಯರಿಕೆ, ಅನುವಾದ, ಮುದ್ರಣದಂಥ ಕೆಲಸ ಮಾಡುವ ಇಬ್ಬರು ಮೂವರು ಗೆಳೆಯರಿಗೆ ಅದು ಹೊಂದೀತು. 2013ರ ಕಂಪನಿ ಕಾಯ್ದೆಯಲ್ಲಿ ಒಬ್ಬನೇ ಒಂದು ಕಂಪನಿಯಾಗಬಹುದು. ಸಾಲೊಮನ್ ಏಳು ಹೆಸರು ಕೂಡಿಸಿ ಮಾಡಿದ್ದನ್ನು ಈಗ ಒಂದೇ ಹೆಸರಿನಿಂದ ಮಾಡಬಹುದು. ಪ್ರೈವೇಟ್ ಲಿಮಿಟೆಡ್‌ಗೆ ಕನಿಷ್ಠ ಇಬ್ಬರು, ಹೆಚ್ಚೆಂದರೆ 200 ಜನ. ಅಲ್ಲಿ ಮತ ಸಾಮಾನ್ಯವಾಗಿ ಷೇರಿನ ಲೆಕ್ಕಕ್ಕೆ. ಹೆಚ್ಚು ಹಣ ಹಾಕಿದವನ ಕೈ ಮೇಲೆ. ಸಹಕಾರ ಸಂಘದಲ್ಲಿ ತಲೆಗೊಂದು ಮತ ಉಂಟು. ಆದರೆ ಅಲ್ಲಿ ಊರ ಗೌಡರ ರಾಜಕೀಯ, ಮೇಲೆ ಸರ್ಕಾರದ ಕೈ ಎಷ್ಟು ಆಳಕ್ಕೆ ಇಳಿದಿದೆ ಎಂದು ನಮ್ಮ ಓದುಗರಿಗೆ ಹೇಳಬೇಕಿಲ್ಲ.

ಇವೆರಡರ ನಡುವೆ ಇನ್ನೊಂದಿದೆ. ಅದು ಉತ್ಪಾದಕರ ಕಂಪನಿ. 2003ರಲ್ಲಿ ಕಾಯ್ದೆಯೊಳಗೆ ಬಂತು, 2020ರ ತಿದ್ದುಪಡಿಯಲ್ಲಿ ಹೊಸ ಕಾಯ್ದೆಯ ಒಳಗೂ ಜಾಗ ಪಡೆಯಿತು. ಇದು ರೈತರಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಕೈಮಗ್ಗ, ಕರಕುಶಲ, ಗುಡಿ ಕೈಗಾರಿಕೆಯವರಿಗೂ ಅದರಲ್ಲಿ ಜಾಗವಿದೆ. ಹತ್ತು ಜನ ಉತ್ಪಾದಕರು ಬೇಕು. ಐದು ಜನ ನಿರ್ದೇಶಕರು ಬೇಕು. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಷೇರನ್ನು ಪೇಟೆಯಲ್ಲಿ ಮಾರುವಂತಿಲ್ಲ, ಕೆಲಸ ಮಾಡುವ ಇನ್ನೊಬ್ಬ ಸದಸ್ಯನಿಗೆ ಮುಖಬೆಲೆಗೇ ಕೊಡಬೇಕು. ಕಸುಬು ಬಿಟ್ಟವನು ಷೇರು ಬಿಡಬೇಕು. ಹಾಕಿದ ಹಣಕ್ಕೆ ಮಿತವಾದ ಪ್ರತಿಫಲ, ಮಾಡಿದ ವ್ಯವಹಾರಕ್ಕೆ ತಕ್ಕ ಬೋನಸ್. ಹೊಣೆಗೂ ಮಿತಿ ಉಂಟು, ಆಸೆಗೂ ಮಿತಿ ಉಂಟು. ರಂಪಿಗೆ ಹಿಡಿದ ಕೈಗೇ ಮತ. ನಮ್ಮ ಚಪ್ಪಲಿ ಕಸುಬಿಗೆ ಇದಕ್ಕಿಂತ ಹೊಂದುವ ಗೋಡೆ ನಮಗೆ ಕಂಡಿಲ್ಲ.

ಇದು ಯಾಕೆ ತುರ್ತು ಎಂದರೆ, ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಹೀಗೆ ಎಂಟು ಜಿಲ್ಲೆಯ ಕೈಗಳದು ಆ ಹೆಸರು. ಆದರೆ ದಾಖಲೆಯಲ್ಲಿ ಒಡೆಯರು ಎರಡೂ ರಾಜ್ಯಗಳ ಚರ್ಮ ನಿಗಮಗಳು. ನಮ್ಮ ಕಡೆಯದು 1976ರಲ್ಲಿ ಹುಟ್ಟಿದ ಲಿಡ್ಕರ್. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ನಮ್ಮ ಚಪ್ಪಲಿಯಂಥದೇ ಚಪ್ಪಲಿಯನ್ನು ನಮ್ಮ ಹೆಸರಿಲ್ಲದೆ ಮೆರೆಸಿತು. ಗದ್ದಲವಾದ ಮೇಲೆ ಮೂಲ ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಆ ಎರಡು ನಿಗಮಗಳ ಜೊತೆ ಒಪ್ಪಂದವಾಯಿತು. ಒಳ್ಳೆಯದೇ. ಆದರೆ ಸಹಿ ಮಾಡಿದ್ದು ಒಂದು ಕಡೆ ಕಂಪನಿ, ಇನ್ನೊಂದು ಕಡೆ ಸರ್ಕಾರದ ನಿಗಮ. ಜಾಲಿ ತೊಗಟೆಯಲ್ಲಿ, ಅಳಲೆಕಾಯಿಯಲ್ಲಿ ಚರ್ಮ ಹದ ಮಾಡಿದ ಕೈ, ಉಂಗುಟ ಹೊಲಿದ ಕೈ ಆ ಕಾಗದದ ಮೇಲೆ ಸಹಿ ಮಾಡುವ ಸ್ಥಾನದಲ್ಲಿ ಇರಲಿಲ್ಲ. ಕಾನೂನಿನ ಭಾಷೆಯಲ್ಲಿ ಆ ಕೈಗಳು ಸೇರಿ ಇನ್ನೂ ಒಂದು 'ವ್ಯಕ್ತಿ' ಆಗಿಲ್ಲ. ನಾವು ಕಂಪನಿ ಕಟ್ಟಬೇಕಾದದ್ದು ಲಕ್ಷಾಧೀಶರಾಗಲು ಅಲ್ಲ, ಸಹಿ ಮಾಡುವ ಜಾಗಕ್ಕೆ ಹೋಗಲು.

6

ಕಟ್ಟುವಾಗ ಮೂರು ಗುಂಡಿಗಳನ್ನು ನೋಡಿ ಹೆಜ್ಜೆ ಇಡಬೇಕು.

ಮೊದಲನೆಯದು ಬ್ಯಾಂಕು. ನಾವು ಸಾಲ ಕೇಳಲು ಒಂದು ಬ್ಯಾಂಕಿಗೆ ಹೋದೆವು. ಮ್ಯಾನೇಜರು ಸಂಭಾವಿತರು, ಚಹಾ ತರಿಸಿದರು. ಕಂಪನಿಯ ಹೆಸರಿಗೆ ಸಾಲ ಕೊಡಬಹುದು ಅಂದರು. "ಆದ್ರ ನಿಮ್ಮೆಲ್ಲರದೂ ವೈಯಕ್ತಿಕ ಜಾಮೀನು ಬೇಕ್ರಿ. ಮನಿ ಯಾರ ಹೆಸರಿಲೆ ಐತಿ? ತಂದಿಯವರ ಸಹಿ ಹಾಕಸ್ರಿ." ಕಾಕಾನ ಪ್ರಶ್ನೆ ಮತ್ತೆ ಬಂದು ಎದುರಿಗೆ ಕೂತಿತು. 1872ರ ಕರಾರು ಕಾಯ್ದೆಯ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಕಂಪನಿ ದಿವಾಳಿಯಾದರೂ ಜಾಮೀನು ಕೊಟ್ಟವರನ್ನು ಬಿಡುವುದಿಲ್ಲ ಎಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿದೆ. ಅಂದರೆ ಗೋಡೆ ಕಟ್ಟಿದ ದಿನವೇ ಬ್ಯಾಂಕು ಅದಕ್ಕೆ ಬಾಗಿಲು ಕೊರೆದು ಕೀಲಿ ತನ್ನ ಕಿಸೆಯಲ್ಲಿ ಇಟ್ಟುಕೊಳ್ಳುತ್ತದೆ. ಅಡಮಾನವಿಲ್ಲದ ಸಾಲಕ್ಕೆ ಖಾತ್ರಿ ಕೊಡುವ ಕೇಂದ್ರದ ನಿಧಿಯೊಂದು 2000ದಿಂದಲೂ ಇದೆ. ಅದನ್ನು ಹೆಸರು ಹಿಡಿದು ಕೇಳಿ. ಅಪ್ಪನ ಸಹಿ ಹಾಕಿಸುವ ಮೊದಲು ಹತ್ತು ಸಲ ಯೋಚಿಸಿ.

ಎರಡನೆಯದು ಬೇನಾಮಿ. 2016ರಲ್ಲಿ ಬಂದ ಸ್ಟ್ಯಾಂಡ್ ಅಪ್ ಇಂಡಿಯಾ ಯೋಜನೆಯಲ್ಲಿ ಕಂಪನಿಯ 51ರಷ್ಟು ಪಾಲು ಪರಿಶಿಷ್ಟರದು ಅಥವಾ ಮಹಿಳೆಯರದು ಇರಬೇಕಿತ್ತು. ಸರ್ಕಾರದ ಗುತ್ತಿಗೆಗಳಲ್ಲೂ ನಮಗೆ ಮೀಸಲು ಬಂದಿದೆ. ಹಾಗಾಗಿ ಈಗ ನಮ್ಮ ಹೆಸರಿಗೆ ಬೆಲೆ ಬಂದಿದೆ! "ನೀ ಬರೇ ಸಹಿ ಹಾಕೋ, ಉಳದದ್ದು ನಾವು ನೋಡ್ಕೋತೀವಿ" ಎನ್ನುವವರು ಮನೆ ಹುಡುಕಿಕೊಂಡು ಬರುತ್ತಾರೆ. ಲೆಕ್ಕಪತ್ರ ಕೊಡದೆ ಮೂರು ವರ್ಷ ಕಳೆದರೆ ಅನರ್ಹನಾಗುವ ನಿರ್ದೇಶಕ ಸಹಿ ಹಾಕಿದವನೇ, ಬೋರ್ಡಿನ ಹಿಂದೆ ಕೂತವನಲ್ಲ. 2017ರಲ್ಲಿ ಸರ್ಕಾರ ಎರಡು ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರನ್ನು ರಿಜಿಸ್ಟರಿನಿಂದ ಹೊಡೆದುಹಾಕಿತು. ಹೆಬ್ಬೆಟ್ಟು ಹೋಗಿ ಡಿಜಿಟಲ್ ಸಹಿ ಬಂದಿದೆ. ಅದನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ಅದೂ ಹೆಬ್ಬೆಟ್ಟೇ.

ಮೂರನೆಯ ಗುಂಡಿ ನಮ್ಮೊಳಗಿದೆ. ಇದನ್ನು ಬರೆಯಲು ಕೈ ನಡುಗುತ್ತದೆ. ಆದರೂ ಬರೆಯಬೇಕು.

ನಮ್ಮ ಕಸುಬಿನಲ್ಲಿ ಬಾರು ಹೆಣೆಯುವವರು, ಹೊಲಿಯುವವರು ಹೆಣ್ಣುಮಕ್ಕಳು. ಮನೆಯಲ್ಲೇ ಕೂತು, ಒಲೆ ನೋಡುತ್ತ, ಜೋಡಿಗೆ ಇಷ್ಟು ಎಂದು ಮಾಡುತ್ತಾರೆ. ಕಂಪನಿ ದಿವಾಳಿಯಾದರೆ ಕಾರ್ಮಿಕರ 24 ತಿಂಗಳ ಬಾಕಿ ಕೂಲಿಗೆ ಬ್ಯಾಂಕಿನ ಸಮನಾದ ಸ್ಥಾನ ಕೊಡಬೇಕು ಎಂದು 2016ರ ದಿವಾಳಿ ಸಂಹಿತೆ ಹೇಳುತ್ತದೆ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಅವ್ವಂದಿರು ತಾವು ಕಾರ್ಮಿಕರು ಎಂದು ಹೇಗೆ ತೋರಿಸಬೇಕು? ನಮ್ಮ ಕಂಪನಿ ಮುಳುಗಿದರೆ ನಾವು ಗೋಡೆಯ ಒಳಗೆ ಕ್ಷೇಮ. ನಮ್ಮ ಅವ್ವ ಗೋಡೆಯ ಹೊರಗೆ. 1859ರ ದೊರೆ ಮಾಡಿದ್ದನ್ನು 2013ರ ಕಾಯ್ದೆ ಹಿಡಿದು ನಾವು ಮಾಡಿದಂತಾಗುತ್ತದೆ. ಪುಣೆಯಲ್ಲಿ 2005ರಲ್ಲಿ ದಲಿತ ಉದ್ಯಮಿಗಳ ವಾಣಿಜ್ಯ ಮಂಡಳಿ ಹುಟ್ಟಿದಾಗಿನಿಂದ ದಲಿತ ಬಂಡವಾಳ ಬೇಕೋ ಬೇಡವೋ ಎಂಬ ವಾದ ನಡೆದಿದೆ. ನಮ್ಮ ಮಾತು ಇಷ್ಟೇ: ದಲಿತನ ಬಂಡವಾಳ ದಲಿತಳ ಬೆವರನ್ನು ನುಂಗಿದರೆ ಅದು ಬರೀ ಬಂಡವಾಳ. ಅದರ ಹಿಂದೆ ಅಂಬೇಡ್ಕರ್ ಫೋಟೋ ಹಾಕಿದ ಮಾತ್ರಕ್ಕೆ ಅದರ ಹಲ್ಲು ಉದುರುವುದಿಲ್ಲ.

ಆದ್ದರಿಂದ ಹಾಜರಿ ಪುಸ್ತಕದ ಮೊದಲು ಸದಸ್ಯರ ಪುಸ್ತಕದಲ್ಲಿ ಅವ್ವಂದಿರ ಹೆಸರು ಬರಬೇಕು. ಹೆಣೆಯುವವಳೂ ಉತ್ಪಾದಕಿ. ಅವಳಿಗೂ ಒಂದು ಷೇರು, ಒಂದು ಮತ. ವಾರದ ಕೂಲಿ ವಾರಕ್ಕೇ. ಮುಂಗಡ ಕೊಟ್ಟು ಕಟ್ಟಿಹಾಕುವುದು ಬೇಡ. ಢೋರ ಬಂಧುವಿನ ಚರ್ಮದ ಬಾಕಿ ನಮ್ಮ ಲಾಭದ ಲೆಕ್ಕಕ್ಕಿಂತ ಮೊದಲು. ಹದ ಮಾಡಿದ ನೀರು ಯಾರ ಹೊಲಕ್ಕೆ ಹರಿಯುತ್ತದೆ ಎಂಬುದು ನಮ್ಮ ಹೊಣೆ. ಇದರಲ್ಲಿ ಎಲ್ಲದಕ್ಕೂ ಕಾಯ್ದೆ ಒತ್ತಾಯಿಸುವುದಿಲ್ಲ. ಆದರೆ ಕಂಪನಿಯ ನಿಯಮಾವಳಿಯನ್ನು ಬರೆಯುವವರು ನಾವೇ. ಹೆಚ್ಚಿನದನ್ನು ಬರೆಯಲು ಯಾರ ಅಡ್ಡಿ?

ಮೊನ್ನೆ ಇದನ್ನೆಲ್ಲ ಕಾಕಾನ ಮುಂದೆ ಓದಿದೆವು. ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ ಅಂದರು. ಆಮೇಲೆ ಕೇಳಿದರು: "ಹತ್ತು ಮಂದಿ ಬೇಕಂತ ಬರದೀರಲ್ಲ, ಎಷ್ಟ ಮಂದಿ ಆಗೀರಿ?"

"ಆರು ಮಂದಿ ಕಾಕಾ."

"ನಿಮ್ಮ ಕಾಕೀ ಹೆಸರು ಮೊದಲು ಬರಕೋರಿ. ಆಮ್ಯಾಲ ನನ್ನದು. ಅಕಿ ಹೆಣದದ್ದ ಹೆಚ್ಚು."

ಈಗ ಎಂಟು. ಇನ್ನಿಬ್ಬರು ಬೇಕು.